ಕಾಮರ್ಸ್, ಆರ್ಟ್ಸ್ ಓದಿದವರಿಗೆ ಕ್ವಾಂಟ್ ಕೆಲಸ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನಿಯರಿಂಗ್ ಓದದೆ ಬಿಕಾಂ, ಬಿಬಿಎ ಅಥವಾ ಬಿಎ ಮುಗಿಸಿ, ಕ್ವಾಂಟ್ ಫೈನಾನ್ಸ್ (ಗಣಿತ, ಸಂಖ್ಯಾಶಾಸ್ತ್ರ, ಕೋಡಿಂಗ್ ಬಳಸುವ ಹಣಕಾಸಿನ ಕೆಲಸ) ಕಡೆ ಹೋಗಬೇಕೆಂದಿರುವವರಿಗೆ ಈ ಪುಟ. ಐಐಟಿಯಿಂದ ನೇರ ಕ್ಯಾಂಪಸ್ ಆಫರ್ ಪಡೆಯುವವರ ದಾರಿಯೇ ಬೇರೆ, ಅದರ ಮಾಹಿತಿ ಬೇಕಾದಷ್ಟು ಕಡೆ ಸಿಗುತ್ತದೆ.

ಕ್ವಾಂಟ್ ಅಂದರೆ ಯಾವ ಕೆಲಸ?

ಒಂದೇ ಹೆಸರಿನಡಿ ಆರೇಳು ಕೆಲಸಗಳಿವೆ. ಗೊಂದಲ ಹುಟ್ಟುವುದೇ ಅಲ್ಲಿ. ಕ್ವಾಂಟ್ ರಿಸರ್ಚರ್ ಬೆಲೆಗಳ ಅಂಕಿಅಂಶ ಜಾಲಾಡಿ, ಮುಂದೆ ಬೆಲೆ ಯಾವ ಕಡೆ ಹೋದೀತು ಎಂಬ ಸುಳಿವು ಹುಡುಕುತ್ತಾರೆ. ಟ್ರೇಡರ್ ಆ ಸುಳಿವಿನ ಮೇಲೆ ಸಂಸ್ಥೆಯ ದುಡ್ಡು ಹಾಕಿ ದಿನವಿಡೀ ರಿಸ್ಕ್ ನೋಡಿಕೊಳ್ಳುತ್ತಾರೆ. ಕ್ವಾಂಟ್ ಡೆವಲಪರ್ ಇದೆಲ್ಲ ಓಡುವ ಸಾಫ್ಟ್‌ವೇರ್ ಬರೆಯುತ್ತಾರೆ. ಯೂಟ್ಯೂಬ್‌ನಲ್ಲಿ ಮಾತಾಡುವುದು ಈ ಮೂವರ ಬಗ್ಗೆ ಮಾತ್ರ.

ಇನ್ನೊಂದು ಸಾಲಿನ ಕೆಲಸಗಳಿವೆ: ಬೇರೆಯವರು ಕಟ್ಟಿದ ಮಾಡೆಲ್ (ಬೆಲೆ, ರಿಸ್ಕ್ ಅಂದಾಜಿಸುವ ಲೆಕ್ಕದ ವಿಧಾನ) ಸರಿಯಿದೆಯೇ ಎಂದು ಪರೀಕ್ಷಿಸುವ ಮಾಡೆಲ್ ವ್ಯಾಲಿಡೇಶನ್, ಬ್ಯಾಂಕಿನ ಪೊಸಿಷನ್‌ಗಳು ಎಷ್ಟು ಮುಳುಗಬಹುದು ಎಂದು ಲೆಕ್ಕ ಹಾಕುವ ಮಾರ್ಕೆಟ್ ರಿಸ್ಕ್, ಸಾಲ ವಸೂಲಾಗದ ಸಾಧ್ಯತೆ ಅಳೆಯುವ ಕ್ರೆಡಿಟ್ ರಿಸ್ಕ್, ಟ್ರೇಡರ್‌ಗಳ ದಿನದ ಲಾಭನಷ್ಟಕ್ಕೆ ಲೆಕ್ಕ ಕೊಡಿಸುವ ಪ್ರಾಡಕ್ಟ್ ಕಂಟ್ರೋಲ್. ಸಂಬಳ ಟ್ರೇಡರ್‌ಗಳಷ್ಟು ಇರುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಹುದ್ದೆಗಳು ಹೆಚ್ಚಾಗಿ ಇರುವುದು ಈ ಸಾಲಿನಲ್ಲೇ, ಕಾಮರ್ಸ್ ಓದಿದವರನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲೇ.

ನನ್ನದು ಬಿಕಾಂ. ಸಾಧ್ಯವೇ ಇಲ್ಲವೇ, ನೇರವಾಗಿ ಹೇಳಿ.

ಹೈ ಫ್ರೀಕ್ವೆನ್ಸಿ ಟ್ರೇಡಿಂಗ್ (ಕಂಪ್ಯೂಟರ್ ಮೂಲಕ ಕ್ಷಣಾರ್ಧದಲ್ಲಿ ಕೊಂಡು ಮಾರುವ) ಸಂಸ್ಥೆಯಲ್ಲಿ ಮೊದಲ ಕೆಲಸವೇ ರಿಸರ್ಚರ್ ಆಗಿ ಸಿಗುವುದು ಹೆಚ್ಚುಕಡಿಮೆ ಅಸಾಧ್ಯ. ಆ ಸಂಸ್ಥೆಗಳು ಕೆಲವೇ ಕ್ಯಾಂಪಸ್‌ಗಳಿಂದ, ಗಣಿತ ಮತ್ತು ಪ್ರೋಗ್ರಾಮಿಂಗ್ ಎರಡರಲ್ಲೂ ಪಳಗಿದವರನ್ನು ಆರಿಸುತ್ತವೆ. ಒಂದು ವರ್ಷ ಆನ್‌ಲೈನ್ ಕೋರ್ಸ್ ಮಾಡಿ ಅವರ ಜೊತೆ ಪೈಪೋಟಿಗೆ ಇಳಿಯಬಹುದು ಎನ್ನುವವರು ಸಾಮಾನ್ಯವಾಗಿ ಆ ಕೋರ್ಸ್ ಮಾರುವವರೇ ಆಗಿರುತ್ತಾರೆ.

ರಿಸ್ಕ್, ವ್ಯಾಲಿಡೇಶನ್, ಪ್ರಾಡಕ್ಟ್ ಕಂಟ್ರೋಲ್ ಸಾಧ್ಯ. ಕೆಲಸದಲ್ಲಿರುವವರು ಎರಡರಿಂದ ಮೂರು ವರ್ಷದ ತಯಾರಿ ಎಂದು ಇಟ್ಟುಕೊಳ್ಳಿ. ಒಳಗೆ ಹೋದ ಮೇಲೆ, ವರ್ಷ ಒಂದೂವರೆ ವರ್ಷ ಕಳೆದರೆ ಸಂಸ್ಥೆಯೊಳಗೇ ಬೇರೆ ತಂಡಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ಕಾಮರ್ಸ್‌ನವರು ಮಾಡೆಲ್ ಕಟ್ಟುವ ತಂಡಗಳಿಗೆ ಸೇರುವುದು ಬಹುಮಟ್ಟಿಗೆ ಈ ಒಳದಾರಿಯಿಂದ.

ಬೆಂಗಳೂರಿನಲ್ಲಿ ಈ ಕೆಲಸಗಳು ಎಲ್ಲಿವೆ? ಮುಂಬೈಗೆ ಹೋಗಲೇಬೇಕೇ?

ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಸರ್ವರ್‌ಗಳು ಮುಂಬೈನಲ್ಲಿವೆ, ಅನೇಕ ಬ್ರೋಕರ್‌ಗಳು, ಫಂಡ್‌ಗಳು, ಮಾರುಕಟ್ಟೆ ನಿಯಂತ್ರಕ ಸೆಬಿ ಕೂಡ ಅಲ್ಲೇ. ವೇಗವನ್ನೇ ನಂಬಿದ ಪ್ರಾಪ್ (ತಮ್ಮದೇ ದುಡ್ಡಿನಲ್ಲಿ ಟ್ರೇಡ್ ಮಾಡುವ) ಸಂಸ್ಥೆಗಳು ಮುಂಬೈ ಮತ್ತು ಗುರುಗ್ರಾಮದಲ್ಲಿ ಗುಂಪುಗೂಡಿವೆ. ಬೆಂಗಳೂರಿನ ಬಲ ಬೇರೆ: ವಿದೇಶಿ ಬ್ಯಾಂಕುಗಳು ತಮ್ಮ ಜಾಗತಿಕ ಕೆಲಸಕ್ಕೆ ಇಲ್ಲಿ ತೆರೆದ ಕಚೇರಿಗಳು, ಅಂದರೆ ಜಿಸಿಸಿಗಳು. ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಇಲ್ಲಿದೆ. ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ, ವೆಲ್ಸ್ ಫಾರ್ಗೊ, ಸೊಸೈಟೆ ಜೆನೆರಾಲ್ ಕೂಡ ಇವೆ. ಹೊರವರ್ತುಲ ರಸ್ತೆ, ಮಾನ್ಯತಾ, ವೈಟ್‌ಫೀಲ್ಡ್ ಸುತ್ತಲಿನ ಟೆಕ್ ಪಾರ್ಕ್‌ಗಳಲ್ಲಿ ಇಂಥ ಕಚೇರಿಗಳು ಹರಡಿಕೊಂಡಿವೆ. ಬ್ರೋಕಿಂಗ್ ಕಡೆ ಜೆಪಿ ನಗರದ ಝೆರೋಧಾ ಇದೆ, ಆದರೆ ಅದು ಬೇರೆಯವರು ಟ್ರೇಡ್ ಮಾಡಲು ವೇದಿಕೆ ಕೊಡುವ ಸಂಸ್ಥೆ.

ವ್ಯಾಲಿಡೇಶನ್ ಕೆಲಸ ಇಷ್ಟು ಬೆಳೆದದ್ದಕ್ಕೆ ಕಾರಣವಿದೆ. ಅಮೆರಿಕದ ಫೆಡರಲ್ ರಿಸರ್ವ್ 2011ರಲ್ಲಿ ಮಾಡೆಲ್ ರಿಸ್ಕ್ ಕುರಿತು ಮಾರ್ಗಸೂಚಿ ಹೊರಡಿಸಿತು. ಮಾಡೆಲ್ ಕಟ್ಟಿದವರೇ ಅದನ್ನು ಪರೀಕ್ಷಿಸಿದರೆ ಸಾಲದು, ಸಂಬಂಧವಿಲ್ಲದ ಬೇರೆ ತಂಡ ಪರೀಕ್ಷಿಸಬೇಕು ಎಂಬುದು ಅದರ ತಿರುಳು. ದೊಡ್ಡ ಬ್ಯಾಂಕಿನಲ್ಲಿ ಮಾಡೆಲ್‌ಗಳು ನೂರಾರು. ಪ್ರತಿಯೊಂದಕ್ಕೂ ಪರೀಕ್ಷೆ, ವರದಿ, ನಿಗದಿತ ಅವಧಿಗೊಮ್ಮೆ ಮರುಪರೀಕ್ಷೆ. ಆ ಹೊರೆಯ ದೊಡ್ಡ ಪಾಲು ಇಲ್ಲಿಗೆ ಬಂತು. ಕೆಲಸದ ಹೊತ್ತು ಲಂಡನ್‌ಗೆ ಹೊಂದಿಕೊಂಡಿದ್ದರೆ ಮಧ್ಯಾಹ್ನ ಶುರುವಾಗಿ ರಾತ್ರಿ ಒಂಬತ್ತು ಹತ್ತಕ್ಕೆ ಮುಗಿಯಬಹುದು, ಸೇರುವ ಮುಂಚೆ ಕೇಳಿಕೊಳ್ಳಿ.

ಗಣಿತ ಎಷ್ಟು ಬೇಕು? ಪಿಯುಸಿಯಲ್ಲೇ ಬಿಟ್ಟುಬಿಟ್ಟೆ.

ಪಿಯುಸಿಯಲ್ಲಿ ಸೆಬಾ ತೆಗೆದುಕೊಂಡವರಿಗೆ ಸಂಖ್ಯಾಶಾಸ್ತ್ರದ ರುಚಿ ಹತ್ತಿರುತ್ತದೆ. ಬೇಸಿಕ್ ಮ್ಯಾಥ್ಸ್ ಓದಿದವರಿಗೆ ಮ್ಯಾಟ್ರಿಕ್ಸ್ ಮತ್ತು ಡಿಫರೆನ್ಸಿಯೇಶನ್ ಪೂರ್ತಿ ಅಪರಿಚಿತವಲ್ಲ. ಹೆಬಾದವರು ಹತ್ತನೇ ತರಗತಿಯ ಬೀಜಗಣಿತದಿಂದಲೇ ಶುರು ಮಾಡಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಮೊದಲು ಸಂಭವನೀಯತೆ: ಷರತ್ತುಬದ್ಧ ಸಂಭವನೀಯತೆ, ಬೇಯ್ಸ್ ನಿಯಮ, ನಿರೀಕ್ಷಿತ ಮೌಲ್ಯ, ವೇರಿಯನ್ಸ್. ಆಮೇಲೆ ಸಂಖ್ಯಾಶಾಸ್ತ್ರ: ಸ್ಯಾಂಪಲ್ ಸರಾಸರಿಯಲ್ಲಿ ಎಷ್ಟು ದೋಷವಿರಬಹುದು, ಹೈಪಾಥಿಸಿಸ್ ಟೆಸ್ಟ್, ಲೀನಿಯರ್ ಮತ್ತು ಲಾಜಿಸ್ಟಿಕ್ ರಿಗ್ರೆಶನ್. ಇದರ ಜೊತೆಜೊತೆಗೆ ಮ್ಯಾಟ್ರಿಕ್ಸ್ ಗುಣಾಕಾರ, ವಿಲೋಮ, ಐಗನ್ ಮೌಲ್ಯದವರೆಗೆ ಲೀನಿಯರ್ ಆಲ್ಜೀಬ್ರಾ, ಪಾರ್ಶಿಯಲ್ ಡಿಫರೆನ್ಸಿಯೇಶನ್‌ವರೆಗೆ ಕ್ಯಾಲ್ಕ್ಯುಲಸ್. ದಿನಕ್ಕೆ ಎರಡು ಗಂಟೆ ಕೂತರೆ ಇಷ್ಟಕ್ಕೆ ಹತ್ತು ಹನ್ನೆರಡು ತಿಂಗಳು ಬೇಕು.

ಸ್ಟೊಕಾಸ್ಟಿಕ್ ಕ್ಯಾಲ್ಕ್ಯುಲಸ್‌ಗೆ ಅವಸರ ಬೇಡ. ಆಪ್ಷನ್ (ನಿಗದಿತ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕು) ಬೆಲೆಯ ಸೂತ್ರ ಹುಟ್ಟುವ ಬಗೆ ತಿಳಿಯಲು ಅದು ಬೇಕು ನಿಜ. ಆದರೆ ಸ್ಟ್ಯಾಂಡರ್ಡ್ ಡೀವಿಯೇಶನ್ ಮತ್ತು ಸ್ಟ್ಯಾಂಡರ್ಡ್ ಎರರ್ ನಡುವಿನ ವ್ಯತ್ಯಾಸ ಹೇಳಲಾಗದವರು ಅದರ ಸೂತ್ರ ಬರೆದರೆ, ಸಂದರ್ಶಕರು ಎರಡನೇ ಪ್ರಶ್ನೆಯಲ್ಲೇ ಹಿಡಿಯುತ್ತಾರೆ. ಇನ್ನೊಂದು ಸಾಮಾನ್ಯ ತಪ್ಪು ವಿಡಿಯೋ ನೋಡುತ್ತಲೇ ಇರುವುದು. ಗಂಟೆ ಪಾಠಕ್ಕೆ ಎರಡು ಗಂಟೆ ಪೆನ್ನು ಹಿಡಿದು ಲೆಕ್ಕ ಬಿಡಿಸದಿದ್ದರೆ ಗಣಿತ ಕೈಗೆ ಹತ್ತುವುದಿಲ್ಲ.

ಹಾಗಾದರೆ ಇನ್ನೊಂದು ಡಿಗ್ರಿ ಬೇಕೇ?

ನೀವು ಓದಿದ ಕಾಲೇಜಿನ ಹೆಸರು ಅಷ್ಟು ತೂಕದ್ದಲ್ಲದಿದ್ದರೆ, ಹೌದು, ಎರಡನೇ ಡಿಗ್ರಿ ಅರ್ಜಿಯನ್ನು ಮೊದಲ ಜರಡಿ ದಾಟಿಸುತ್ತದೆ. ಕೆಲಸ ಬಿಡದೆ ಓದಲು ಎರಡು ದಾರಿ ಗಮನಿಸಬೇಕಾದದ್ದು. ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್‌ಗೆ ಜೆಇಇ ಬೇಡ. ಹನ್ನೆರಡನೇ ತರಗತಿ ಮುಗಿದಿರಬೇಕು, ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು, ಅವರದೇ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯುವುದು. ಅದರ ಫೌಂಡೇಶನ್ ಹಂತದಲ್ಲೇ ಮೇಲೆ ಹೇಳಿದ ಗಣಿತ, ಸಂಖ್ಯಾಶಾಸ್ತ್ರ ಬಹುಪಾಲು ಬರುತ್ತದೆ. ಎರಡನೆಯದು ವರ್ಲ್ಡ್‌ಕ್ವಾಂಟ್ ಯೂನಿವರ್ಸಿಟಿಯ ಆನ್‌ಲೈನ್ ಫೈನಾನ್ಷಿಯಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ. ಬೋಧನಾ ಶುಲ್ಕವಿಲ್ಲ. ಪದವಿ ಇರಬೇಕು, ಗಣಿತದ ಪ್ರವೇಶ ಪರೀಕ್ಷೆ ದಾಟಬೇಕು. ಶುಲ್ಕವಿಲ್ಲ ಎಂದು ಸೇರಿ ಮೊದಲ ಕೆಲವು ತಿಂಗಳಲ್ಲೇ ಬಿಡುವವರು ಬಹಳ, ಆದ್ದರಿಂದ ಸಂಭವನೀಯತೆ ಗಟ್ಟಿಯಾದ ಮೇಲೆ ಸೇರಿ.

ಬಿಎ ಅರ್ಥಶಾಸ್ತ್ರದವರಿಗೆ ಎಕನಾಮೆಟ್ರಿಕ್ಸ್ ಬಲವಾಗಿರುವ ಎಂಎ ಅಥವಾ ಎಂಎಸ್‌ಸಿ ಸಹಜವಾದ ಮುಂದಿನ ಮೆಟ್ಟಿಲು. ಪಠ್ಯಕ್ರಮದಲ್ಲಿ ಟೈಮ್ ಸೀರೀಸ್ ಇದೆಯೇ, ಲ್ಯಾಬ್‌ನಲ್ಲಿ ಆರ್ ಅಥವಾ ಪೈಥಾನ್ ಬಳಸುತ್ತಾರೆಯೇ ಎಂದು ನೋಡಿ ಸೇರಿ. ಸಾಮಾನ್ಯ ಎಂಬಿಎ ಈ ಕೆಲಸಕ್ಕೆ ಹೆಚ್ಚೇನೂ ಮಾಡುವುದಿಲ್ಲ.

ಸಿಎಫ್‌ಎ, ಎಫ್‌ಆರ್‌ಎಂ, ಎನ್‌ಐಎಸ್‌ಎಂ: ಯಾವುದು?

ರಿಸ್ಕ್ ಕಡೆ ಹೋಗುವುದಾದರೆ ಎಫ್‌ಆರ್‌ಎಂ (ಫೈನಾನ್ಷಿಯಲ್ ರಿಸ್ಕ್ ಮ್ಯಾನೇಜರ್). ಎರಡೇ ಭಾಗ, ಪಠ್ಯ ನೇರವಾಗಿ ಕೆಲಸಕ್ಕೆ ಹತ್ತಿರ. ಸಿಎಫ್‌ಎ (ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್) ಮೂರು ಹಂತದ್ದು, ಕಂಪನಿಗಳ ವಿಶ್ಲೇಷಣೆಗೆ ಒಗ್ಗುವಂಥದ್ದು. ಸೆಬಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂನ ಎಂಟನೇ ಸರಣಿಯ ಈಕ್ವಿಟಿ ಡೆರಿವೇಟಿವ್ಸ್ ಪರೀಕ್ಷೆ ನೂರು ಅಂಕದ್ದು, ಎರಡು ಗಂಟೆ, 60 ಬಂದರೆ ಪಾಸ್, ತಪ್ಪಿಗೆ ಅಂಕ ಕಡಿತವಿದೆ. ಬ್ರೋಕರ್ ಕಚೇರಿಯ ಡೀಲರ್ ಹುದ್ದೆಗೆ ಅದು ಬೇಕೇ ಬೇಕು. ಮಾಡೆಲ್ ತಂಡದಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಆದರೂ ಮಾರ್ಜಿನ್, ಸೆಟಲ್‌ಮೆಂಟ್ ಅರ್ಥವಾಗಲು ಅದರ ಪುಸ್ತಕ ಓದುವುದು ಲಾಭ.

ಕೋಡಿಂಗ್ ಎಷ್ಟು?

ಪೈಥಾನ್, ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯುಎಲ್, ಕೋಡ್‌ನ ಬದಲಾವಣೆ ದಾಖಲಿಸುವ ಗಿಟ್. ಪೈಥಾನ್‌ನಲ್ಲಿ ನಂಪೈ, ಪಾಂಡಾಸ್, ಸ್ಟ್ಯಾಟ್ಸ್‌ಮಾಡೆಲ್ಸ್ ಲೈಬ್ರರಿಗಳು ಸಾಕು. ಸಿ ಪ್ಲಸ್ ಪ್ಲಸ್ ವೇಗದ ಟ್ರೇಡಿಂಗ್‌ನವರಿಗೆ, ಈಗ ನಿಮಗೆ ಬೇಡ. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್ ನಡೆಯುತ್ತದೆ, ಅದೂ ಇಲ್ಲದಿದ್ದರೆ ಗೂಗಲ್ ಕೊಲ್ಯಾಬ್ ಬ್ರೌಸರಿನಲ್ಲೇ ಓಡುತ್ತದೆ. ಎಕ್ಸೆಲ್ ಚೆನ್ನಾಗಿ ಬಲ್ಲವರು ಅದನ್ನು ಮರೆಮಾಚಬೇಡಿ. ರಿಸ್ಕ್ ತಂಡಗಳಲ್ಲಿ ದಿನನಿತ್ಯದ ಅರ್ಧ ಕೆಲಸ ಇನ್ನೂ ಅದರಲ್ಲೇ ಸಾಗುತ್ತಿದೆ. ಎಸ್‌ಕ್ಯುಎಲ್ ಅನ್ನು ಕಡೆಗಣಿಸುವವರು ಹೆಚ್ಚು, ಆದರೆ ಮೊದಲ ಸುತ್ತಿನ ಪರೀಕ್ಷೆಗಳಲ್ಲಿ ಅಭ್ಯರ್ಥಿಗಳು ಉದುರುವುದು ಅಲ್ಲೇ. ಎರಡು ಟೇಬಲ್ ಜೋಡಿಸುವುದು, ಗುಂಪು ಮಾಡಿ ಮೊತ್ತ ತೆಗೆಯುವುದು, ವಿಂಡೋ ಫಂಕ್ಷನ್ ಇವಿಷ್ಟು ನಿದ್ದೆಗಣ್ಣಲ್ಲೂ ಬರಬೇಕು.

ರೆಸ್ಯೂಮೆಯಲ್ಲಿ ತೋರಿಸಲು ಯಾವ ಪ್ರಾಜೆಕ್ಟ್ ಮಾಡಲಿ?

ಷೇರು ಬೆಲೆ ಭವಿಷ್ಯ ಹೇಳುವ ನ್ಯೂರಲ್ ನೆಟ್‌ವರ್ಕ್ ಬೇಡ. ನೂರು ರೆಸ್ಯೂಮೆಯಲ್ಲಿ ಎಂಬತ್ತರಲ್ಲಿ ಅದೇ ಇದೆಯೇನೋ ಅನ್ನಿಸುವಷ್ಟು ಸವಕಲಾಗಿದೆ. ಬಹುಪಾಲು ನಿನ್ನೆಯ ಬೆಲೆಯನ್ನೇ ಇವತ್ತಿನ ಅಂದಾಜು ಎಂದು ತೋರಿಸಿ, ಎರಡು ಗೆರೆಗಳು ಒಂದರ ಮೇಲೊಂದು ಕೂತಿವೆ ಎಂದು ಸಂಭ್ರಮಿಸುವಂಥವು.

ಬದಲಿಗೆ ನಿಫ್ಟಿಯ ವ್ಯಾಲ್ಯೂ ಅಟ್ ರಿಸ್ಕ್ (ನೂರರಲ್ಲಿ 99 ದಿನ ನಷ್ಟ ದಾಟಬಾರದ ಮಿತಿ) ಲೆಕ್ಕ ಹಾಕಿ ಅದನ್ನು ನೀವೇ ಪರೀಕ್ಷಿಸಿ. ಇದು ಜಿಸಿಸಿಗಳಲ್ಲಿ ನಡೆಯುವ ಕೆಲಸದ ಚಿಕ್ಕ ರೂಪ, ಎಕ್ಸೆಲ್‌ನಲ್ಲೂ ಮಾಡಬಹುದು. ನಿಫ್ಟಿ 50ರ ದೈನಂದಿನ ಮುಕ್ತಾಯ ಮೌಲ್ಯವನ್ನು 2015ರಿಂದ ಇಳಿಸಿಕೊಳ್ಳಿ. ಪ್ರತಿದಿನದ ಶೇಕಡಾವಾರು ಏರಿಳಿತ ತೆಗೆಯಿರಿ. ಯಾವುದೇ ಒಂದು ದಿನಕ್ಕೆ, ಅದರ ಹಿಂದಿನ 500 ದಿನಗಳ ಏರಿಳಿತವನ್ನು ಕೆಟ್ಟದ್ದರಿಂದ ಒಳ್ಳೆಯದಕ್ಕೆ ಜೋಡಿಸಿದರೆ, ಐದನೆಯ ಅತಿ ಕೆಟ್ಟ ದಿನದ ನಷ್ಟವೇ ಸುಮಾರಾಗಿ ಶೇ. 99ರ ಒಂದು ದಿನದ ವ್ಯಾಲ್ಯೂ ಅಟ್ ರಿಸ್ಕ್. ಆ ದಿನದ ನಿಜವಾದ ನಷ್ಟ ಅದನ್ನು ಮೀರಿತೇ ಎಂದು ಗುರುತು ಹಾಕಿ, ಒಂದು ದಿನ ಮುಂದೆ ಸರಿದು ಮತ್ತೆ ಅದನ್ನೇ ಮಾಡಿ. ಇಲ್ಲಿ ಎಡವುವುದು ಅದೇ ದಿನದ ಏರಿಳಿತವೂ ಆ 500ರೊಳಗೆ ಸೇರಿಬಿಟ್ಟಾಗ. ಒಂದು ಸಾಲಿನ ತಪ್ಪಿಗೆ ಇಡೀ ಪರೀಕ್ಷೆ ಸುಳ್ಳಾಗುತ್ತದೆ.

ಈಗ 250 ದಿನಗಳ ಪ್ರತಿ ತುಂಡಿನಲ್ಲಿ ಮಿತಿ ಮೀರಿದ ದಿನಗಳನ್ನು ಎಣಿಸಿ. ಮಾಡೆಲ್ ಸರಿಯಿದ್ದರೆ ಸರಾಸರಿ ಎರಡೂವರೆ ಬರಬೇಕು. ಬ್ಯಾಂಕುಗಳಿಗಿರುವ ಅಂತರರಾಷ್ಟ್ರೀಯ ಬಾಸೆಲ್ ನಿಯಮದಲ್ಲಿ ನಾಲ್ಕರವರೆಗೆ ಹಸಿರು ವಲಯ, ಐದರಿಂದ ಒಂಬತ್ತು ಹಳದಿ, ಹತ್ತು ಮತ್ತು ಮೇಲೆ ಕೆಂಪು. 2020ರ ಮಾರ್ಚ್‌ಗೆ ಬಂದಾಗ ನಿಮ್ಮ ಮಾಡೆಲ್ ಕುಸಿಯುತ್ತದೆ. ಮಾರ್ಚ್ 12ರಂದು ನಿಫ್ಟಿ ಶೇ. 8.3, 16ರಂದು ಶೇ. 7.6, 23ರಂದು ಸುಮಾರು ಶೇ. 13 ಬಿತ್ತು. ಮಿತಿ ಮೀರಿದ ದಿನಗಳು ವರ್ಷದುದ್ದಕ್ಕೂ ಚದುರದೆ ಒಂದೇ ತಿಂಗಳಲ್ಲಿ ಮುದ್ದೆಯಾಗುತ್ತವೆ, ಏಕೆಂದರೆ 500 ದಿನಗಳ ಕಿಟಕಿ ಹೊಸ ಗದ್ದಲವನ್ನು ಒಳಗೆ ತೆಗೆದುಕೊಳ್ಳುವುದು ತಡ.

ಮುಂದಿನ ಹೆಜ್ಜೆಯಾಗಿ ಹತ್ತಿರದ ದಿನಗಳಿಗೆ ಹೆಚ್ಚು ತೂಕ ಕೊಡುವ ವಿಧಾನ ಸೇರಿಸಿ. ನಿನ್ನೆಯ ವೇರಿಯನ್ಸ್ ಅಂದಾಜಿಗೆ 0.94, ನಿನ್ನೆಯ ಏರಿಳಿತದ ವರ್ಗಕ್ಕೆ 0.06 ತೂಕ, ಇದು ರಿಸ್ಕ್‌ಮೆಟ್ರಿಕ್ಸ್‌ನ ಹಳೆಯ ಸೂತ್ರ. ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಎಲ್ಲಿ ಸೋತಿತು, ಏಕೆ ಎಂದು ನಾಲ್ಕು ಪುಟದ ವರದಿ ಬರೆಯಿರಿ. ವರದಿ ಇಲ್ಲದ ಪ್ರಾಜೆಕ್ಟ್‌ಗೆ ವ್ಯಾಲಿಡೇಶನ್ ತಂಡದಲ್ಲಿ ಬೆಲೆಯಿಲ್ಲ. ಅಲ್ಲಿ ಬರವಣಿಗೆಯೇ ಅರ್ಧ ಕೆಲಸ, ಆರ್ಟ್ಸ್ ಓದಿದವರು ಎಂಜಿನಿಯರ್‌ಗಳನ್ನು ಹಿಂದೆ ಹಾಕುವುದೂ ಅಲ್ಲೇ.

ಅಕೌಂಟ್ಸ್ ಗೊತ್ತಿರುವುದು ಏನಾದರೂ ಉಪಯೋಗಕ್ಕೆ ಬರುತ್ತದೆಯೇ?

ಪ್ರಾಡಕ್ಟ್ ಕಂಟ್ರೋಲ್‌ನಲ್ಲಿ ಬರುತ್ತದೆ. ಅಲ್ಲಿನ ದಿನದ ಕೆಲಸ ಹೀಗೆ: ಟ್ರೇಡರ್ ಬಳಿ ನಿಫ್ಟಿಯ ಒಂದು ಲಾಟ್ (ಒಟ್ಟಿಗೆ ಕೊಳ್ಳುವ ಕನಿಷ್ಠ ಸಂಖ್ಯೆ) ಕಾಲ್ ಆಪ್ಷನ್, ಅಂದರೆ ಕೊಳ್ಳುವ ಹಕ್ಕು ಇದೆ, ಲಾಟ್ 75 ಎಂದುಕೊಳ್ಳಿ. ಆಪ್ಷನ್ ಬೆಲೆಯ ಬದಲಾವಣೆ ಅಳೆಯುವ ಅಂಕಿಗಳು ಹೀಗಿವೆ: ನಿಫ್ಟಿ ಒಂದು ಪಾಯಿಂಟ್ ಏರಿದರೆ ಡೆಲ್ಟಾ 0.5, ಆಗ ಡೆಲ್ಟಾವೇ ಬದಲಾಗುವ ಪ್ರಮಾಣ ಗಾಮಾ 0.001, ಒಂದು ದಿನ ಕಳೆದರೆ ಥೀಟಾ ಮೈನಸ್ 8, ವೊಲಟಿಲಿಟಿ ಒಂದು ಪಾಯಿಂಟ್ ಏರಿದರೆ ವೇಗಾ 10. ನಿಫ್ಟಿ 100 ಪಾಯಿಂಟ್ ಏರಿತು, ಇಂಪ್ಲೈಡ್ ವೊಲಟಿಲಿಟಿ (ಆಪ್ಷನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ಅಂದಾಜು) ಅರ್ಧ ಪಾಯಿಂಟ್ ಇಳಿಯಿತು. ಡೆಲ್ಟಾದಿಂದ ₹3,750 ಲಾಭ, ಗಾಮಾದಿಂದ ₹375 ಲಾಭ, ಥೀಟಾದಿಂದ ₹600 ನಷ್ಟ, ವೇಗಾದಿಂದ ₹375 ನಷ್ಟ, ಒಟ್ಟು ₹3,150 ಬರಬೇಕು. ಪುಸ್ತಕದಲ್ಲಿ ₹3,600 ಕಾಣುತ್ತಿದ್ದರೆ ಉಳಿದ ₹450 ಎಲ್ಲಿಂದ ಬಂತು? ತಪ್ಪು ಬೆಲೆಯೇ, ದಾಖಲಾಗದ ಹೊಸ ಟ್ರೇಡೇ, ಹಳೆಯ ವೊಲಟಿಲಿಟಿಯೇ? ಇದನ್ನು ಹುಡುಕುವುದು ಒಂದು ಬಗೆಯ ಲೆಕ್ಕಪರಿಶೋಧನೆಯೇ. ಗಾಮಾ ಲೆಕ್ಕದಲ್ಲಿ ಅರ್ಧದಿಂದ ಗುಣಿಸಿ, ಏರಿಕೆಯನ್ನು ವರ್ಗ ಮಾಡಬೇಕೆಂಬುದನ್ನು ಮರೆತರೆ ಮೇಲಿನ ಲೆಕ್ಕ ಕೂಡುವುದಿಲ್ಲ, ಒಮ್ಮೆ ಕೈಯಲ್ಲಿ ಮಾಡಿ ನೋಡಿ.

ನನ್ನ ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ತಂತ್ರದ ಪರೀಕ್ಷೆ) ವರ್ಷಕ್ಕೆ ಶೇ. 60 ಲಾಭ ತೋರಿಸುತ್ತಿದೆ. ಎಲ್ಲಿ ತಪ್ಪಿದೆ?

ತಪ್ಪಿದೆ ಎಂಬ ಅನುಮಾನ ಬಂದದ್ದೇ ಒಳ್ಳೆಯ ಲಕ್ಷಣ. ಈ ಕ್ರಮದಲ್ಲಿ ಹುಡುಕಿ.

ಇವತ್ತಿನ ಮುಕ್ತಾಯ ಬೆಲೆ ನೋಡಿ ತೀರ್ಮಾನಿಸಿ, ಅದೇ ಮುಕ್ತಾಯ ಬೆಲೆಗೆ ಕೊಂಡಂತೆ ಲೆಕ್ಕ ಹಾಕಿದ್ದೀರಾ? ಬೆಲೆ ಗೊತ್ತಾಗುವ ಹೊತ್ತಿಗೆ ಮಾರುಕಟ್ಟೆ ಮುಚ್ಚಿರುತ್ತದೆ. ಕಂಪನಿಗಳ ಫಲಿತಾಂಶ ಬಳಸಿದ್ದರೆ ಇನ್ನೂ ಸೂಕ್ಷ್ಮ. ಜೂನ್ 30ಕ್ಕೆ ಮುಗಿದ ತ್ರೈಮಾಸಿಕದ ಲಾಭ ಜುಲೈ 1ಕ್ಕೆ ಯಾರಿಗೂ ಗೊತ್ತಿರುವುದಿಲ್ಲ, ಪ್ರಕಟಿಸಲು ಕಂಪನಿಗೆ 45 ದಿನಗಳ ಅವಕಾಶವಿದೆ.

ಇವತ್ತಿನ ನಿಫ್ಟಿ 50 ಪಟ್ಟಿ ಹಿಡಿದು ಹತ್ತು ವರ್ಷ ಹಿಂದಕ್ಕೆ ಹೋಗಿದ್ದೀರಾ? ಹಾಗಾದರೆ ಗೆದ್ದವರನ್ನು ಮಾತ್ರ ಆರಿಸಿಕೊಂಡಿದ್ದೀರಿ. 2020ರ ಮಾರ್ಚ್‌ನಲ್ಲಿ ಪಟ್ಟಿಯಿಂದ ಹೊರಬಿದ್ದ ಯೆಸ್ ಬ್ಯಾಂಕ್ ನಿಮ್ಮ ಲೆಕ್ಕದಲ್ಲಿ ಇರುವುದೇ ಇಲ್ಲ. ಆಯಾ ದಿನ ಪಟ್ಟಿಯಲ್ಲಿ ಯಾರಿದ್ದರೋ ಅವರನ್ನೇ ಬಳಸಬೇಕು.

ಬೋನಸ್, ಸ್ಪ್ಲಿಟ್ ಸರಿಪಡಿಸಿದ್ದೀರಾ? 2018ರ ಸೆಪ್ಟೆಂಬರ್‌ನಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. ಎನ್‌ಎಸ್‌ಇಯ ದಿನದ ಬೆಲೆಪಟ್ಟಿಯಾದ ಭಾವ್‌ಕಾಪಿಯಲ್ಲಿ ಅಂದು ಬೆಲೆ ಅರ್ಧಕ್ಕೆ ಕುಸಿದಂತೆ ಕಾಣುತ್ತದೆ. ಬಿದ್ದದ್ದನ್ನು ಕೊಳ್ಳುವ ಯಾವ ನಿಯಮವೂ ಅಲ್ಲಿ ಸುಳ್ಳು ಸೂಚನೆ ಕೊಡುತ್ತದೆ. ಅಂದಹಾಗೆ ಭಾವ್‌ಕಾಪಿಯ ಕಡತ ವಿನ್ಯಾಸ 2024ರ ಜುಲೈನಲ್ಲಿ ಬದಲಾಯಿತು, ಹಳೆಯ ಕೋಡ್ ಅಲ್ಲಿಂದಾಚೆಗೆ ಕಾಲಂ ಹೆಸರು ಸಿಗದೆ ನಿಲ್ಲುತ್ತದೆ.

ಆಪ್ಷನ್ ತಂತ್ರವಾದರೆ, ಎಕ್ಸ್‌ಪೈರಿ (ಆಪ್ಷನ್ ಅವಧಿ ಮುಗಿಯುವ ದಿನ) ಗುರುವಾರವೇ ಎಂದು ಕೋಡ್‌ನಲ್ಲಿ ಬರೆದಿದ್ದೀರಾ? 2025ರ ಸೆಪ್ಟೆಂಬರ್‌ನಿಂದ ನಿಫ್ಟಿಗೆ ಮಂಗಳವಾರ. ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿ 2024ರ ನವೆಂಬರ್‌ನಲ್ಲೇ ನಿಂತಿತು. ನಿಫ್ಟಿಯ ಲಾಟ್ 2024ರಲ್ಲೇ 50ರಿಂದ 25ಕ್ಕೆ ಇಳಿದು, ನವೆಂಬರ್‌ನಲ್ಲಿ 75ಕ್ಕೆ ಏರಿತು. ಪ್ರತಿ ಎಕ್ಸ್‌ಪೈರಿಯ ದಿನಾಂಕ ಮತ್ತು ಲಾಟ್ ಗಾತ್ರ ಬೇರೆ ಟೇಬಲ್‌ನಲ್ಲಿರಲಿ.

ಕೊನೆಗೆ ಖರ್ಚು. ₹1 ಲಕ್ಷದ ಷೇರನ್ನು ಡೆಲಿವರಿಯಲ್ಲಿ ಕೊಂಡು ಮಾರಿದರೆ ಎಸ್‌ಟಿಟಿ (ಷೇರು ವಹಿವಾಟು ತೆರಿಗೆ) ಎರಡೂ ಕಡೆ ಶೇ. 0.1ರಂತೆ ₹200, ಕೊಳ್ಳುವಾಗ ಮುದ್ರಾಂಕ ಶುಲ್ಕ ₹15, ಎಕ್ಸ್‌ಚೇಂಜ್ ಶುಲ್ಕ ಮತ್ತು ಅದರ ಜಿಎಸ್‌ಟಿ ಸೇರಿ ಆರೇಳು ರೂಪಾಯಿ. ಅಂದರೆ ಸುಮಾರು ₹222. ಬ್ರೋಕರೇಜ್, ಡಿಪಿ (ಡಿಮ್ಯಾಟ್ ಖಾತೆಯ) ಶುಲ್ಕ ಬೇರೆ. ತಿಂಗಳಿಗೊಮ್ಮೆ ಪೂರ್ತಿ ಬದಲಿಸುವ ಪೋರ್ಟ್‌ಫೋಲಿಯೊಗೆ ಇದೇ ವರ್ಷಕ್ಕೆ ಶೇ. 2.7 ತಿನ್ನುತ್ತದೆ, ವಾರಕ್ಕೊಮ್ಮೆ ಬದಲಿಸಿದರೆ ಶೇ. 11.5. ಬಿಡ್ (ಕೊಳ್ಳುವವರು ಹೇಳುವ ಬೆಲೆ) ಮತ್ತು ಆಸ್ಕ್ (ಮಾರುವವರು ಹೇಳುವ ಬೆಲೆ) ನಡುವಿನ ಅಂತರದಲ್ಲಿ ಸೋರುವುದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಚಿಕ್ಕ ಕಂಪನಿಗಳ ಷೇರಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಖರ್ಚು.

ಎಷ್ಟು ವರ್ಷದ ಫಲಿತಾಂಶ ನೋಡಿದರೆ ನಂಬಬಹುದು?

ಸುಲಭದ ಅಂದಾಜು ಒಂದಿದೆ: ಶಾರ್ಪ್ ಅನುಪಾತವನ್ನು (ಏರಿಳಿತಕ್ಕೆ ಹೋಲಿಸಿದ ವಾರ್ಷಿಕ ಲಾಭ) ವರ್ಷಗಳ ವರ್ಗಮೂಲದಿಂದ ಗುಣಿಸಿದರೆ ಟಿ ಮೌಲ್ಯ, ಅಂದರೆ ಲಾಭ ಬರೀ ಅದೃಷ್ಟವೇ ಎಂದು ಅಳೆಯುವ ಅಂಕಿ. ಅದು 2 ದಾಟಬೇಕಾದರೆ ಶಾರ್ಪ್ 1 ಇರುವ ತಂತ್ರಕ್ಕೆ 4 ವರ್ಷ ಬೇಕು, 0.5 ಇರುವುದಕ್ಕೆ 16 ವರ್ಷ. ಆರು ತಿಂಗಳ ಲಾಭ ಏನನ್ನೂ ಹೇಳುವುದಿಲ್ಲ ಎಂಬುದು ಈ ಒಂದು ಗುಣಾಕಾರದಲ್ಲೇ ಇದೆ.

ಅದೂ ಒಂದೇ ತಂತ್ರ ಪರೀಕ್ಷಿಸಿದ್ದರೆ ಮಾತ್ರ. ಯಾವ ಸತ್ವವೂ ಇಲ್ಲದ ನೂರು ತಂತ್ರಗಳನ್ನು ಒಂದು ವರ್ಷದ ದತ್ತಾಂಶದ ಮೇಲೆ ಓಡಿಸಿದರೆ, ಅವುಗಳಲ್ಲಿ ಅತ್ಯುತ್ತಮವಾದದ್ದರ ಶಾರ್ಪ್ ಬರೀ ಅದೃಷ್ಟದಿಂದ ಸರಾಸರಿ 2.5ರ ಹತ್ತಿರ ಬರುತ್ತದೆ. ಮೂವಿಂಗ್ ಆವರೇಜ್ 20ರ ಬದಲು 21, 22 ಎಂದು ತಿರುಗಿಸುತ್ತಾ ಹೋಗುವುದು ಇದೇ ಆಟ. ಎಷ್ಟು ಬಾರಿ ತಿರುಗಿಸಿದಿರಿ ಎಂದು ಬರೆದಿಡಿ, ವರದಿಯಲ್ಲೂ ಹೇಳಿ. ಸೋತ ತಂತ್ರವನ್ನು ಪ್ರಾಮಾಣಿಕವಾಗಿ ವಿವರಿಸಿದ ಅಭ್ಯರ್ಥಿಗೆ, ಗೆದ್ದ ತಂತ್ರದ ಚಂದದ ಗ್ರಾಫ್ ತಂದವರಿಗಿಂತ ಹೆಚ್ಚು ಬೆಲೆ ಸಿಗುತ್ತದೆ.

ಸ್ವಂತ ಖಾತೆಯಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿ ಲಾಭ ತೋರಿಸಿದರೆ ಕೆಲಸ ಸಿಗುವುದಿಲ್ಲವೇ?

ಸಿಗುವುದಿಲ್ಲ, ಮೇಲೆ ಹೇಳಿದ ಗುಣಾಕಾರವೇ ಕಾರಣ. ಸೆಬಿಯ 2024ರ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್ ಅಂಡ್ ಓ ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ ₹1.8 ಲಕ್ಷ ಕೋಟಿ ಮೀರಿತು. ಅದೇ ಅಧ್ಯಯನದಲ್ಲಿ, 2023-24ರಲ್ಲಿ ಪ್ರಾಪ್ ಟ್ರೇಡರ್‌ಗಳ ಲಾಭದ ಶೇ. 96 ಅಲ್ಗೊಗಳಿಂದ, ಅಂದರೆ ತಾನಾಗಿ ಟ್ರೇಡ್ ಮಾಡುವ ಪ್ರೋಗ್ರಾಂಗಳಿಂದ ಬಂದದ್ದು. ಎದುರು ಕೂತಿರುವುದು ಯಾರು ಎಂದು ಇದರಿಂದ ತಿಳಿಯುತ್ತದೆ.

ತಿಂಗಳುಗಟ್ಟಲೆ ಸತತ ಲಾಭದ ಸ್ಕ್ರೀನ್‌ಶಾಟ್ ತರುವವರು ಸಾಮಾನ್ಯವಾಗಿ ಆಪ್ಷನ್ ಮಾರುತ್ತಿರುತ್ತಾರೆ. ಚುನಾವಣಾ ಫಲಿತಾಂಶದ ದಿನ, 2024ರ ಜೂನ್ 4ರಂದು, ನಿಫ್ಟಿ ಶೇ. 5.9 ಬಿತ್ತು. ಅಂಥ ಒಂದೇ ದಿನ ವರ್ಷದ ಗಳಿಕೆಯನ್ನು ಒಯ್ಯುತ್ತದೆ. ಸಂದರ್ಶಕರು ಕೇಳುವುದೂ ಅಂದು ಏನಾಯಿತು ಎಂದೇ. ಕಲಿಯಲು ದುಡ್ಡು ಹಾಕಲೇಬೇಕೆಂದರೆ ಒಂದೆರಡು ಇಟಿಎಫ್ ಕೊಂಡು ಆರ್ಡರ್ ಹೇಗೆ ತುಂಬುತ್ತದೆ, ಖರ್ಚು ಎಲ್ಲೆಲ್ಲಿ ಬೀಳುತ್ತದೆ ಎಂದು ಕಾಂಟ್ರ್ಯಾಕ್ಟ್ ನೋಟ್ ಓದಿ.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ದಾಳದ ಪ್ರಶ್ನೆ ಖಾಯಂ. ದಾಳ ಎಸೆದರೆ ಬಿದ್ದಷ್ಟು ರೂಪಾಯಿ ನಿಮ್ಮದು, ಬೇಡವೆನಿಸಿದರೆ ಒಮ್ಮೆ ಮಾತ್ರ ಮರು ಎಸೆಯಬಹುದು. ಆಟದ ಬೆಲೆ ಎಷ್ಟು? ಮರು ಎಸೆತದ ಸರಾಸರಿ 3.5, ಆದ್ದರಿಂದ 4, 5, 6 ಬಂದರೆ ಇಟ್ಟುಕೊಳ್ಳಬೇಕು. ಅರ್ಧ ಸಲ ಸರಾಸರಿ 5, ಇನ್ನರ್ಧ ಸಲ 3.5, ಉತ್ತರ 4.25. ತಕ್ಷಣ ಮುಂದಿನದು ಬರುತ್ತದೆ: ಎರಡು ಬಾರಿ ಮರು ಎಸೆಯಬಹುದಾದರೆ? ಈಗ 5, 6 ಮಾತ್ರ ಇಟ್ಟುಕೊಳ್ಳಬೇಕು, ಉತ್ತರ ಸುಮಾರು 4.67.

ನಾಣ್ಯದ ಪ್ರಶ್ನೆ: ಸತತ ಎರಡು ಹೆಡ್ ಬರಲು ಸರಾಸರಿ ಎಷ್ಟು ಎಸೆತ, ಹೆಡ್ ಆದಕೂಡಲೇ ಟೇಲ್ ಬರಲು ಎಷ್ಟು? ಮೊದಲನೆಯದಕ್ಕೆ 6, ಎರಡನೆಯದಕ್ಕೆ 4. ಹೆಡ್ ಬಂದ ಮೇಲೆ ಟೇಲ್ ತಪ್ಪಿದರೂ ಕೈಯಲ್ಲಿ ಇನ್ನೊಂದು ಹೆಡ್ ಇರುತ್ತದೆ. ಎರಡು ಹೆಡ್ ಬೇಕಿದ್ದಾಗ ತಪ್ಪಿದರೆ ಮತ್ತೆ ಸೊನ್ನೆಯಿಂದ ಶುರು.

ರಿಸ್ಕ್ ಹುದ್ದೆಗೆ ಬೇಯ್ಸ್. ಸಾಲಗಾರರಲ್ಲಿ ಶೇ. 1 ಮಂದಿ ಕೈಕೊಡುತ್ತಾರೆ, ಮಾಡೆಲ್ ಅಂಥವರಲ್ಲಿ ಶೇ. 90 ಮಂದಿಯನ್ನು ಹಿಡಿಯುತ್ತದೆ, ಒಳ್ಳೆಯವರಲ್ಲಿ ಶೇ. 10 ಮಂದಿಯನ್ನೂ ತಪ್ಪಾಗಿ ಹಿಡಿಯುತ್ತದೆ. ಹಿಡಿದವರಲ್ಲಿ ನಿಜಕ್ಕೂ ಕೈಕೊಡುವವರು ಎಷ್ಟು? ಸಾವಿರ ಜನ ಎಂದುಕೊಳ್ಳಿ: ಕೆಟ್ಟವರು 10, ಸಿಕ್ಕವರು 9; ಒಳ್ಳೆಯವರು 990, ಸಿಕ್ಕವರು 99. 108ರಲ್ಲಿ 9, ಹನ್ನೆರಡರಲ್ಲಿ ಒಬ್ಬರು. ಶೇ. 90 ಎಂದು ಬಾಯಿತಪ್ಪಿ ಹೇಳುವವರೇ ಹೆಚ್ಚು.

ಟ್ರೇಡಿಂಗ್ ಹುದ್ದೆಗಾದರೆ ಅಂದಾಜಿನ ಆಟವೂ ಇರುತ್ತದೆ: ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ದಿನಕ್ಕೆ ಎಷ್ಟು ವಾಯುವಜ್ರ ಟ್ರಿಪ್, ಬಿಡ್ ಮತ್ತು ಆಸ್ಕ್ ಹೇಳಿ. ಅಲ್ಲಿ ಉತ್ತರ ಮುಖ್ಯವಲ್ಲ. ಎದುರಿನವರು ನಿಮ್ಮ ಆಸ್ಕ್‌ಗೆ ಕೊಂಡರೆ ಅವರಿಗೆ ಹೆಚ್ಚು ಗೊತ್ತಿರಬಹುದೆಂದು ಮುಂದಿನ ಬೆಲೆಯನ್ನು ಮೇಲಕ್ಕೆ ಸರಿಸುತ್ತೀರಾ ಎಂದು ನೋಡುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಇಂಗ್ಲಿಷ್ ತಡವರಿಸುತ್ತದೆ.

ಉಚ್ಚಾರಕ್ಕೆ ಅಂಕವಿಲ್ಲ. ಲೆಕ್ಕ ಬಿಡಿಸುತ್ತಾ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುವುದು ಬೇಕು, ಏಕೆಂದರೆ ಮೌನವಾಗಿ ಸರಿ ಉತ್ತರ ಬರೆದವರನ್ನೂ ಕೈಬಿಡುತ್ತಾರೆ. ಮೇಲಿನ ದಾಳದ ಲೆಕ್ಕವನ್ನು ಮೊದಲು ಕನ್ನಡದಲ್ಲಿ ಯಾರಿಗಾದರೂ ವಿವರಿಸಿ, ತರ್ಕ ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ಇಂಥ ವಾಕ್ಯಗಳು ಮೂವತ್ತು ನಲವತ್ತಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಕೆಲಸ ಗ್ಯಾರಂಟಿ ಎನ್ನುವ ಅಲ್ಗೊ ಟ್ರೇಡಿಂಗ್ ಕೋರ್ಸ್‌ಗೆ ಸೇರಲೇ?

ಮೂರು ಪ್ರಶ್ನೆ ಕೇಳಿ. ಪಠ್ಯದಲ್ಲಿ ಸಂಖ್ಯಾಶಾಸ್ತ್ರ ಎಷ್ಟು ಗಂಟೆ? ಹಿಂದಿನ ಬ್ಯಾಚಿನವರು ಯಾವ ಹುದ್ದೆಯಲ್ಲಿದ್ದಾರೆ, ಅವರಲ್ಲಿ ಇಬ್ಬರ ಜೊತೆ ಮಾತಾಡಬಹುದೇ? ಕೆಲಸ ಸಿಗದಿದ್ದರೆ ಹಣ ವಾಪಸ್ ಎಂಬುದು ಕಾಗದದಲ್ಲಿದೆಯೇ? ಇವತ್ತಿನ ಮಾರುಕಟ್ಟೆ ಬೆಲೆ ತೋರಿಸಿ ಇದನ್ನು ಕೊಳ್ಳಿ, ಅದನ್ನು ಮಾರಿ ಎನ್ನುವವರಿದ್ದರೆ ಅವರ ಸೆಬಿ ನೋಂದಣಿ ಸಂಖ್ಯೆ ಕೇಳಿ ಸೆಬಿಯ ಜಾಲತಾಣದಲ್ಲಿ ಹುಡುಕಿ. ನಿಮ್ಮ ಟ್ರೇಡಿಂಗ್ ಖಾತೆಯ ಪಾಸ್‌ವರ್ಡ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬ್ರೋಕರ್ ಎಪಿಐಗೆ (ಕೋಡ್ ಮೂಲಕ ಆರ್ಡರ್ ಕಳಿಸುವ ಸೌಲಭ್ಯ) ಸ್ವಂತ ಕೋಡ್ ಜೋಡಿಸಬಹುದೇ? ಗೆಳೆಯರ ದುಡ್ಡೂ ಸೇರಿಸಿ?

ಸ್ವಂತ ದುಡ್ಡಿಗೆ ಮಾಡಬಹುದು. ಸೆಬಿಯ 2025ರ ಫೆಬ್ರವರಿ ಸುತ್ತೋಲೆಯ ನಂತರದ ಚೌಕಟ್ಟಿನಲ್ಲಿ ಆರ್ಡರ್‌ಗಳು ಮೊದಲೇ ತಿಳಿಸಿದ ಸ್ಥಿರ ಐಪಿ ವಿಳಾಸದಿಂದ ಬರಬೇಕು, ಸೆಕೆಂಡಿಗೆ 10 ಆರ್ಡರ್‌ಗಳ ಮಿತಿ ಮೀರಿದರೆ ಅಲ್ಗೊವನ್ನು ಎಕ್ಸ್‌ಚೇಂಜ್‌ನಲ್ಲಿ ನೋಂದಾಯಿಸಬೇಕು. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಐಪಿ ಬದಲಾಗುತ್ತಿರುತ್ತದೆ, ಆದ್ದರಿಂದ ಸ್ಥಿರ ಐಪಿಯನ್ನು ಬೇರೆಯಾಗಿ ಕೊಳ್ಳಬೇಕು ಅಥವಾ ಕ್ಲೌಡ್ ಸರ್ವರ್ ಬಳಸಬೇಕು.

ಗೆಳೆಯರ ದುಡ್ಡು ಬೇಡ. ಬೇರೆಯವರ ಹಣ ನಿರ್ವಹಿಸಲು ಪೋರ್ಟ್‌ಫೋಲಿಯೊ ಮ್ಯಾನೇಜರ್ ಆಗಿ ಸೆಬಿ ನೋಂದಣಿ ಬೇಕು. ಅದಕ್ಕೆ ₹5 ಕೋಟಿ ನಿವ್ವಳ ಮೌಲ್ಯ, ಪ್ರತಿ ಗ್ರಾಹಕರಿಂದ ಕನಿಷ್ಠ ₹50 ಲಕ್ಷ ಎಂಬ ಷರತ್ತುಗಳಿವೆ.

ಈಗಿನ ಕೆಲಸ ಬಿಟ್ಟು ತಯಾರಿ ಮಾಡಲೇ? ನನಗೆ 29.

ಬಿಡಬೇಡಿ. ಬ್ಯಾಂಕಿನ ಆಪರೇಷನ್ಸ್, ಫಂಡ್ ಅಕೌಂಟಿಂಗ್, ಆಡಿಟ್‌ನಲ್ಲಿರುವವರ ಅನುಭವ ರಿಸ್ಕ್ ಹುದ್ದೆಗೆ ಎಣಿಕೆಗೆ ಬರುತ್ತದೆ, ರೆಸ್ಯೂಮೆಯಲ್ಲಿನ ಒಂದು ವರ್ಷದ ಖಾಲಿ ಜಾಗ ಬರುವುದಿಲ್ಲ. ಈಗಿನ ಕಚೇರಿಯಲ್ಲೇ ರಿಸ್ಕ್ ತಂಡವಿದ್ದರೆ ಒಳಗಿನ ಹುದ್ದೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ. ಹೊರಗೆ ಹುಡುಕುವಾಗ ಕ್ವಾಂಟ್ ಎಂಬ ಪದದ ಜೊತೆ ಮಾಡೆಲ್ ಮಾನಿಟರಿಂಗ್, ವ್ಯಾಲ್ಯುಯೇಶನ್ ಕಂಟ್ರೋಲ್, ಮಾರ್ಕೆಟ್ ರಿಸ್ಕ್ ಅನಲಿಸ್ಟ್ ಎಂದೂ ಹಾಕಿ. ಮೂರು ತಿಂಗಳ ನೋಟಿಸ್ ಪೀರಿಯಡ್ ಇದ್ದರೆ ಮೊದಲ ಕರೆಯಲ್ಲೇ ಹೇಳಿಬಿಡಿ.

ಬ್ಯಾಂಕಿಗೆ ಸೇರಿದ ಮೇಲೆ ಸ್ವಂತ ಟ್ರೇಡಿಂಗ್ ಮುಂದುವರಿಸಬಹುದೇ?

ಬಹುತೇಕ ಇಲ್ಲ ಎಂದೇ ತಿಳಿಯಿರಿ. ಸೇರಿದ ಕೂಡಲೇ ನಿಮ್ಮ, ಅನೇಕ ಕಡೆ ಸಂಗಾತಿಯ ಡಿಮ್ಯಾಟ್ ಖಾತೆಗಳನ್ನೂ ಘೋಷಿಸಬೇಕು. ಷೇರು ಕೊಳ್ಳುವ ಮುಂಚೆ ಕಂಪ್ಲಯನ್ಸ್ ಒಪ್ಪಿಗೆ, ಕೊಂಡ ಮೇಲೆ ಇಂತಿಷ್ಟು ದಿನ ಮಾರುವಂತಿಲ್ಲ ಎಂಬ ನಿಯಮ, ಎಫ್ ಅಂಡ್ ಓಗೆ ಅನೇಕ ಕಡೆ ಪೂರ್ತಿ ನಿಷೇಧ. ಮ್ಯೂಚುವಲ್ ಫಂಡ್ ಎಸ್‌ಐಪಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಓಡುತ್ತಿರುವ ಅಲ್ಗೊ ಇದ್ದರೆ ಆಫರ್ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಎಚ್‌ಆರ್‌ಗೆ ಇಮೇಲ್‌ನಲ್ಲಿ ತಿಳಿಸಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ.